ಕಲಬುರಗಿಗಿ, ಕಮಲಾಪುರಕ್ಕ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಊರು, ಈಚೆಗೆ ತಾಲ್ಲೂಕು ಕೇಂದ್ರವೂ ಆಗಿದೆ. ಕಮಲಾಪುರದವರು ಸಂತೆಗೋ ಆಸ್ಪತ್ರೆಗೋ ಹೊರಟರೆ "ಕಲಬುರಗಿಗಿ ಹೊಂಟೀನಿ" ಅನ್ನುತ್ತಾರೆ. ಅದೇ ಬಸ್ಸಿನಲ್ಲಿ ಸಂಜೆ ಎದುರು ದಿಕ್ಕಿಗೆ ಕೂತವರು "ಕಮಲಾಪುರಕ್ಕ ಹೊಂಟೀನಿ" ಅನ್ನುತ್ತಾರೆ. ಒಂದು ಊರಿಗೆ 'ಗಿ' ಅಂಟಿತು, ಇನ್ನೊಂದಕ್ಕೆ 'ಕ್ಕ'. ಹೀಗೆ ಅಂಟಿಸಬೇಕು ಎಂದು ಅವರಿಗೆ ಯಾರೂ ಕಲಿಸಿಲ್ಲ. ಅದಲುಬದಲು ಮಾಡಿ 'ಕಲಬುರಗಿಕ್ಕ' ಎಂದು ನೋಡಿ, ಕೂಸು ಕೂಡ ನಗುತ್ತದೆ.

'ಅ'ದಲ್ಲಿ ಮುಗಿಯುವ ನಪುಂಸಕ ಹೆಸರಿಗೆ 'ಕ್ಕೆ', ಉಳಿದವಕ್ಕೆ ಹೆಚ್ಚಾಗಿ 'ಗೆ' ಎಂಬ ಹಂಚಿಕೆ ಹಳಗನ್ನಡದಿಂದಲೂ ಇದೆ. ಮರಕ್ಕೆ, ಹೊಲಕ್ಕೆ, ಊರಿಗೆ, ಮನೆಗೆ. ಕಲಬುರಗಿಯ ಬಾಯಿ ಅದರ ಮೇಲೆ ಇನ್ನೊಂದು ಕಟ್ಟಳೆ ಹೇರಿದೆ. ಪ್ರತ್ಯಯದ ಹಿಂದೆ 'ಇ' ಇದ್ದರೆ 'ಗೆ' ಎಂಬುದು 'ಗಿ' ಆಗುತ್ತದೆ: ಮನಿಗಿ, ಊರಿಗಿ, ತಾಯಿಗಿ, ಬಸ್ಸಿಗಿ. ಹಿಂದೆ 'ಅ' ಇದ್ದರೆ 'ಎ'ಕಾರ 'ಅ'ಕಾರಕ್ಕೆ ತಿರುಗುತ್ತದೆ: ನನಗ, ನಿನಗ, ಹೊಲಕ್ಕ, ಅದಕ್ಕ. ಹಿಂದಿನ ಸ್ವರ ಮುಂದಿನದನ್ನು ತನ್ನ ಬಣ್ಣಕ್ಕೆ ಎಳೆದುಕೊಳ್ಳುವ ಈ ಚಾಳಿಗೆ ಭಾಷಾವಿಜ್ಞಾನಿಗಳು ಸ್ವರ ಸಾಮರಸ್ಯ ಅನ್ನುತ್ತಾರೆ. ತುರ್ಕಿ ಭಾಷೆ ಇದೇ ಗುಣಕ್ಕೆ ಜಗತ್ತಿನಲ್ಲೆಲ್ಲ ಹೆಸರಾಗಿದೆ. ತುರ್ಕಿಯಲ್ಲಿ ಅದು ಸೊಬಗು. ಕಲಬುರಗಿಯಲ್ಲಿ ಅದೇ ಗುಣವಿದ್ದರೆ ಬೆಂಗಳೂರಿನ ಕಚೇರಿಯಲ್ಲಿ ಕೂತವರಿಗೆ 'ಒರಟು ಭಾಷೆ'.

ಈ ಸೀಮೆಯ ಮಾತು ಉರ್ದು ಬೆರೆತು ಕೆಟ್ಟ ಕನ್ನಡ, ಅರೆಬರೆ ಕನ್ನಡ ಎಂಬ ಅಪವಾದ ಹಳೆಯದು. ಆದರೆ ಇಲ್ಲಿನ ಪದಗಳು ಬಾಲ ಬದಲಿಸುವ ಬಗೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿದರೆ ಕಾಣುವ ಚಿತ್ರವೇ ಬೇರೆ. ಪಠ್ಯಪುಸ್ತಕದ ಕನ್ನಡ ಯಾವ ದಾರಿಯಲ್ಲಿ ಹುಟ್ಟಿತೋ ಕಲಬುರಗಿಯ ಕನ್ನಡವೂ ಅದೇ ದಾರಿಯಲ್ಲಿ ಹುಟ್ಟಿದೆ. ಸ್ವತಂತ್ರವಾಗಿದ್ದ ಪದಗಳು ಸವೆದು, ಹಿಂದಿನ ಪದಕ್ಕೆ ಆತುಕೊಂಡು, ಕೊನೆಗೆ ಪ್ರತ್ಯಯಗಳಾಗಿ ನಿಂತ ದಾರಿ ಅದು.

ಪದಕ್ಕೆ ಬಾಲ ಅಂಟಿಸುವ ಬರವಣಿಗೆ ಈ ನೆಲದಲ್ಲಿ ಕನ್ನಡಕ್ಕಿಂತ ಮೊದಲು ಪ್ರಾಕೃತದಲ್ಲಿ ಸಿಗುತ್ತದೆ. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಅಲ್ಲೇ ಪಕ್ಕದ ಕನಗನಹಳ್ಳಿಯ ಸ್ತೂಪವನ್ನು 1990ರ ದಶಕದಲ್ಲಿ ಅಗೆದಾಗ ರಾಜನೊಬ್ಬನ ಉಬ್ಬುಶಿಲ್ಪ ಸಿಕ್ಕಿತು, ಕೆಳಗೆ ಬ್ರಾಹ್ಮಿಯಲ್ಲಿ 'ರಾಯ ಅಸೋಕೊ' ಎಂಬ ಬರಹ. ಅತ್ತ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅದೇ ಹೆಸರು 'ಅಸೋಕಸ' ಎಂದಿದೆ. ಕನಗನಹಳ್ಳಿಯದು 'ಅಶೋಕ', ಮಸ್ಕಿಯದು 'ಅಶೋಕನ'. 'ಒ' ಹೋಗಿ 'ಸ' ಬಂದದ್ದಕ್ಕೆ ಪ್ರಥಮೆ ಷಷ್ಠಿಯಾಯಿತು. ಒಂದೇ ಅಕ್ಷರ ಅರ್ಥ ತಿರುಗಿಸುವ ಈ ವಿದ್ಯೆಯನ್ನು ಭೀಮಾ–ಕೃಷ್ಣೆಯರ ಸೀಮೆಯ ಕಲ್ಲುಕುಟಿಗರು ಎರಡು ಸಾವಿರ ವರ್ಷಗಳ ಹಿಂದೆಯೇ ಉಳಿಯಲ್ಲಿ ಹಿಡಿದಿದ್ದರು.

ಕನ್ನಡದ ಸರದಿ ಬಂದದ್ದು ಮಳಖೇಡದಲ್ಲಿ. ಕಾಗಿಣಾ ನದಿಯ ದಡದ ಈ ಊರು ಆಗ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 814ರಿಂದ ಆರು ದಶಕಕ್ಕೂ ಹೆಚ್ಚು ಕಾಲ ಆಳಿದ. ಅವನ ಆಸ್ಥಾನದಲ್ಲಿ ಸುಮಾರು 850ರ ಹೊತ್ತಿಗೆ ಕವಿರಾಜಮಾರ್ಗ ರೂಪುಗೊಂಡಿತು. ಅದು ಕಾವ್ಯ ಬರೆಯುವವರಿಗೆ ಕೈಪಿಡಿ, ಆದರೆ ಅದರೊಳಗೆ ವ್ಯಾಕರಣದ ಚಿಂತೆ ತುಂಬಿದೆ. ಯಾವ ರೂಪ ಸರಿ, ಯಾವುದು ತಪ್ಪು, ಹಳೆಯದನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಜಗಳ ಅಲ್ಲಿಂದಲೇ ಶುರು. ಕನ್ನಡ ನಾಡಿನ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಮಾತಿರುವಾಗ ದೋಷ ಇಷ್ಟೇ ಎಂದು ಎಣಿಸಲು ಹೊರಟರೆ ಸಾವಿರ ಹೆಡೆಯ ವಾಸುಕಿಗೂ ಬೇಸರ ಬಂದೀತು ಎಂಬ ಅರ್ಥದ ಮಾತು ಅದರಲ್ಲಿದೆ. ಆ ಜಾಗದಲ್ಲಿ ಕೃತಿಕಾರ ಭಾಷೆಯನ್ನು ಬಹುವಚನದಲ್ಲಿ ಹೆಸರಿಸುತ್ತಾನೆ. ಕನ್ನಡ ಒಂದಲ್ಲ, ಕನ್ನಡಗಳು. ಪ್ರತ್ಯಯವೊಂದರಲ್ಲಿ ಇಷ್ಟು ದೊಡ್ಡ ಮಾತನ್ನು ಮುಗಿಸಿದ ಜಾಣತನಕ್ಕೆ ತಲೆಬಾಗಲೇಬೇಕು.

ಅದೇ ಕೃತಿ ತಿರುಳ್ಗನ್ನಡದ ಸೀಮೆಯನ್ನೂ ಗುರುತಿಸುತ್ತದೆ. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ನಾಲ್ಕೂ ಕೃಷ್ಣೆಯ ದಕ್ಷಿಣಕ್ಕಿವೆ. ರಾಜಧಾನಿ ಮಳಖೇಡದಲ್ಲಿ, 'ಒಳ್ಳೆಯ ಕನ್ನಡ' ಮಾತ್ರ ನದಿಯಾಚೆ! ನಾಡನ್ನು ಗೋದಾವರಿಯವರೆಗೆ ಹರಡಿದ ಆಸ್ಥಾನವೇ ತನ್ನ ಅಂಗಳದ ಮಾತನ್ನು ತಿರುಳಿನ ಹೊರಗಿಟ್ಟಿತು. ಕಲಬುರಗಿ ಸೀಮೆಯ ಮಾತಿಗೆ ಎರಡನೆಯ ಸಾಲಿನ ಮಣೆ ಹಾಕಿದ್ದು ಬೆಂಗಳೂರೇ ಮೊದಲು ಎಂದುಕೊಂಡವರು ಇದನ್ನು ಗಮನಿಸಬೇಕು.

ಮೂರು ಶತಮಾನ ಕಳೆದ ಮೇಲೆ ಕಮಲಾಪುರದಾಚೆಯ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಕನ್ನಡಕ್ಕೆ ಮೊದಲ ವ್ಯಾಕರಣ ಸಿಕ್ಕಿತು. ಚಾಲುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದ ಎರಡನೆಯ ನಾಗವರ್ಮ 12ನೆಯ ಶತಮಾನದ ನಡುವಿನಲ್ಲಿ ಕಾವ್ಯಾವಲೋಕನ ಬರೆದ. ಅದರ ಮೊದಲ ಭಾಗವಾದ ಶಬ್ದಸ್ಮೃತಿಯೇ ನಮಗೆ ದಕ್ಕಿರುವ ಅತಿ ಹಳೆಯ ಕನ್ನಡ ವ್ಯಾಕರಣ. ಸಂಸ್ಕೃತ ಬಲ್ಲವರಿಗಾಗಿ ಸಂಸ್ಕೃತ ಸೂತ್ರಗಳಲ್ಲಿ ಕರ್ಣಾಟಕ ಭಾಷಾಭೂಷಣವನ್ನೂ ಅವನೇ ಬರೆದ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಬಸವಣ್ಣ ಮತ್ತು ಅವನ ಜೊತೆಗಾರರು ವಚನ ಹೇಳುತ್ತಿದ್ದರು. ಒಬ್ಬ ಪದದ ಬಾಲಗಳನ್ನು ಪಟ್ಟಿ ಮಾಡುತ್ತಿದ್ದ, ಉಳಿದವರು ಆ ಬಾಲಗಳನ್ನು ಬೀದಿಯಲ್ಲಿ ಸವೆಸುತ್ತಿದ್ದರು. ವಚನಗಳ ಹಸ್ತಪ್ರತಿಗಳು ಶತಮಾನಗಳ ಈಚಿನವಾದ್ದರಿಂದ ಅವುಗಳಲ್ಲಿ ಕಾಣುವ ಒಂದೊಂದು ರೂಪವೂ ಕಲ್ಯಾಣದ ಬಾಯಿಂದಲೇ ಬಂದದ್ದು ಎನ್ನಲಾಗದು. ಆದರೂ 'ಪ'ಕಾರ 'ಹ'ಕಾರವಾಗಿ, ಪೋಗು ಹೋಗು ಆಗಿ, ಕೊನೆಯ ವ್ಯಂಜನಗಳಿಗೆ ಸ್ವರ ಸೇರಿಕೊಂಡು ಕನ್ನಡ ಮಗ್ಗುಲು ಬದಲಿಸಿದ್ದು ಆ ಕಾಲದ ಆಸುಪಾಸಿನಲ್ಲೇ.

ಹೊಯ್ಸಳರ ಕಾಲದ ಕೇಶಿರಾಜ ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದಾಗ ಆ ಬದಲಾವಣೆ ಬಹುಪಾಲು ನಡೆದುಹೋಗಿತ್ತು. ಹಳೆಯ ಕವಿಗಳ ಪ್ರಯೋಗವನ್ನು ಅಳತೆಗೋಲಾಗಿಟ್ಟುಕೊಂಡು ಆತ ಕಟ್ಟಿದ ವ್ಯಾಕರಣ, ಒಂದು ರೀತಿಯಲ್ಲಿ, ಮರೆಯಾಗುತ್ತಿದ್ದ ಭಾಷೆಯ ಲೆಕ್ಕಪತ್ರ. ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅದನ್ನು ಹೊರತಂದರು. ಇಂದಿಗೂ ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಏಳು ವಿಭಕ್ತಿಗಳ ಕೋಷ್ಟಕದ ಹಿಂದೆ ಕೇಶಿರಾಜನ ನೆರಳಿದೆ.

ಆ ಕೋಷ್ಟಕದಲ್ಲಿ ಸಪ್ತಮಿಗೆ ಕೇಶಿರಾಜ ಕೊಡುವ ಪ್ರತ್ಯಯ 'ಒಳ್'. ಊರೊಳ್, ಮನೆಯೊಳ್. 'ಒಳ್' ಎಂದರೆ ಒಳಗು. ಊರ ಒಳಗೆ ಎಂಬ ಪೂರ್ತಿ ಮಾತೇ ಸೊರಗಿ ಪ್ರತ್ಯಯವಾಗಿದೆ. ಈಗಿನ ಪಠ್ಯಪುಸ್ತಕದ ಸಪ್ತಮಿ ಪ್ರತ್ಯಯ 'ಅಲ್ಲಿ'. ಅದೂ ಸ್ವತಂತ್ರ ಪದವೇ: 'ಊರ ಅಲ್ಲಿ' ಸೇರಿ 'ಊರಲ್ಲಿ'. ಕಲಬುರಗಿಯವರು ಊರಾಗ, ಮನ್ಯಾಗ, ಹೊಲದಾಗ, ಕಮಲಾಪುರದಾಗ ಅನ್ನುತ್ತಾರೆ. ಈ 'ಆಗ' ಎಲ್ಲಿಂದ ಬಂತು? ಊರೊಳಗೆ, ಊರೊಳಗ, ಊರಾಗ. ಕೇಶಿರಾಜನ 'ಒಳ್' ಇಲ್ಲಿ ಒಳಗೆ ಅಡಗಿ ಕೂತಿದೆ. ಮೈಸೂರಿನ ಮಾತು 'ಅಲ್ಲಿ'ಯ ಕಡೆಗೆ ವಾಲಿತು, ಉತ್ತರದ್ದು 'ಒಳಗೆ'ಯನ್ನೇ ಹಿಡಿದುಕೊಂಡು ಬಂತು. ಯಾವುದು ಹೆಚ್ಚು ಶುದ್ಧ ಎಂಬ ಪಂಚಾಯಿತಿ ಕೂಡಿದರೆ ಕೇಶಿರಾಜ ಬಹುಶಃ ಕಲಬುರಗಿಯ ಕಡೆಗೆ ಕೈ ಎತ್ತುತ್ತಿದ್ದ.

ಪಂಚಮಿಯದು ಇನ್ನೂ ತಮಾಷೆಯ ಕಥೆ. ಸಂಸ್ಕೃತದಲ್ಲಿ ಏಳು ವಿಭಕ್ತಿಯಿದ್ದ ಮೇಲೆ ಕನ್ನಡಕ್ಕೂ ಏಳು ಬೇಕಲ್ಲ! 'ಇಂದ'ವನ್ನು ತೃತೀಯೆಗೆ ಕೊಟ್ಟಾಗಿತ್ತು. ಪಂಚಮಿಗೆ ಕೇಶಿರಾಜ 'ಅತ್ತಣಿಂ' ತಂದ. ಆಮೇಲಿನ ಶಾಲಾ ವ್ಯಾಕರಣಗಳು 'ದೆಸೆಯಿಂದ' ಎಂದವು. 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ಕನ್ನಡ ನಾಡಿನ ಯಾವ ಮೂಲೆಯಲ್ಲೂ ಯಾರೂ ಹೇಳಿದ್ದಿಲ್ಲ. ಕಲಬುರಗಿ ಕಡೆ 'ಮನ್ಯಾಗಿಂದ' ಅನ್ನುತ್ತಾರೆ, 'ಮನಿಲಿಂದ' ಅನ್ನುತ್ತಾರೆ, ಪರೀಕ್ಷೆಯ ಹಾಳೆಯಲ್ಲಿ ಮಾತ್ರ 'ದೆಸೆಯಿಂದ' ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವ ಈ ಚಾಳಿಯನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕದಲ್ಲಿ ನೇರವಾಗಿ ಪ್ರಶ್ನಿಸಿದರು. ಪುಸ್ತಕದ ಹೆಸರೇ ವಾದವನ್ನು ಹೇಳಿಬಿಡುತ್ತದೆ.

ಕ್ರಿಯಾಪದಕ್ಕೆ ಬಂದರೆ ಸವೆತದ ಕೆಲಸ ಕಣ್ಣೆದುರೇ ನಡೆದಿರುವುದು ಕಾಣುತ್ತದೆ. ಹಳಗನ್ನಡದಲ್ಲಿ 'ನೋಡಿದಂ' ಭೂತಕಾಲ, 'ನೋಡುವಂ' ಭವಿಷ್ಯ, ವರ್ತಮಾನಕ್ಕೆ 'ನೋಡಿದಪಂ'. ನಡುವಿನ ಆ 'ಅಪ' ಎನ್ನುವುದು 'ಆಗು'ವಿನ ಹಳೆಯ ರೂಪವಾದ 'ಅಪ್ಪು' ಎಂಬುದು ವಿದ್ವಾಂಸರ ಅಭಿಪ್ರಾಯ. ಎಂದರೆ ಕೇಶಿರಾಜನ ವರ್ತಮಾನ ಕಾಲವೂ ಎರಡು ಪದ ಅಂಟಿ ಆದದ್ದು. ಆ 'ದಪ' ಈಗ ಕನ್ನಡದಲ್ಲಿ ಎಲ್ಲೂ ಇಲ್ಲ. ಅದರ ಜಾಗಕ್ಕೆ ಬಂದದ್ದು 'ನೋಡುತ್ತ' ಎಂಬ ರೂಪ. ನಡುಗನ್ನಡದಲ್ಲಿ ಅದಕ್ಕೆ 'ಇಹನು' ಸೇರಿ 'ನೋಡುತಿಹನು' ಎಂದಿತ್ತು. ಇಂದು ಪಠ್ಯಪುಸ್ತಕ ಶಿಷ್ಟ ಎಂದು ಎತ್ತಿಹಿಡಿಯುವ 'ನೋಡುತ್ತಾನೆ' ಕೇಶಿರಾಜನ ಕಣ್ಣಿಗೆ ಬಿದ್ದಿದ್ದರೆ ಅಪಭ್ರಂಶ ಎಂದು ಹುಬ್ಬು ಗಂಟಿಕ್ಕುತ್ತಿದ್ದ.

ಕಲಬುರಗಿ ಅಲ್ಲಿಗೆ ನಿಲ್ಲಲಿಲ್ಲ. ಕೆಲಸ ಈಗ, ಈ ಗಳಿಗೆಯಲ್ಲಿ, ನಡೆಯುತ್ತಿದೆ ಎನ್ನುವುದಕ್ಕೆ ಅದು ಬೇರೆಯೇ ಪ್ರತ್ಯಯ ಕಟ್ಟಿಕೊಂಡಿದೆ. 'ಅವ ಏನ್ ಮಾಡ್ಲತ್ತಾನ?', 'ಮಳಿ ಬರ್ಲತ್ತದ', 'ನಾ ಉಣ್ಲತ್ತೀನಿ'. ಹೊರಗಿನವರಿಗೆ ಈ 'ಲತ್ತ' ಎಲ್ಲಿಂದ ಉದುರಿತು ಎಂದು ತಿಳಿಯದು. ಅದರ ಜಾಡು ಧಾರವಾಡದಿಂದ ಹಿಡಿದು ಬಂದರೆ ಬಿಚ್ಚಿಕೊಳ್ಳುತ್ತದೆ. ಮೂಲ ಮಾತು 'ಮಾಡಲಿಕ್ಕೆ ಹತ್ತಿದ್ದಾನೆ'. ಹತ್ತು ಎಂದರೆ ಅಂಟು, ತಗಲು, ತೊಡಗು. ಬೆಂಕಿ ಹತ್ತುತ್ತದಲ್ಲ, ಆ ಹತ್ತು. ಧಾರವಾಡದಲ್ಲಿ ಅದು 'ಮಾಡ್ಲಿಕ್ಹತ್ಯಾನ', 'ಮಾಡಾಕತ್ತಾನ' ಆಯಿತು. ವಿಜಯಪುರ, ಕಲಬುರಗಿಯ ಹಳ್ಳಿಗಳಲ್ಲಿ 'ಮಾಡ್ಲಾಕತ್ತಾನ' ಕೇಳುತ್ತದೆ. ಕಲಬುರಗಿಯಿಂದ ಬೀದರಿನ ಕಡೆಗೆ ನಡುವಿನ 'ಕ'ಕಾರವೂ ಬಿದ್ದುಹೋಗಿ 'ಮಾಡ್ಲತ್ತಾನ' ಉಳಿಯಿತು. ಹೇಳುವವರಿಗೆ ಅದರೊಳಗೆ 'ಹತ್ತು' ಇದೆ ಎಂಬ ಎಚ್ಚರವೇ ಇಲ್ಲ. 'ನೋಡುತ್ತಾನೆ' ಎನ್ನುವ ಮೇಷ್ಟರಿಗೆ ಅದರೊಳಗಿನ ಹಳೆಯ ಜೋಡಣೆಯ ಎಚ್ಚರ ಇಲ್ಲವಲ್ಲ, ಹಾಗೆಯೇ.

ಸುತ್ತಲಿನ ಭಾಷೆಗಳೂ ಇದೇ ಉಪಾಯ ಬಲ್ಲವು. ಉರ್ದುವಿನಲ್ಲಿ 'ಕರ್ನೆ ಲಗಾ', ಮರಾಠಿಯಲ್ಲಿ 'ಕರೂ ಲಾಗಲಾ'. ಅಲ್ಲಿಯ 'ಲಗ್', 'ಲಾಗ್' ಎಂದರೂ ಅಂಟು, ತಗಲು, ತೊಡಗು. ಆದರೆ ಅವು ಇನ್ನೂ ಬಿಡಿ ಪದಗಳಾಗಿ ನಿಂತಿವೆ. ಪ್ರತ್ಯಯವಾಗಿ ಕರಗಿಹೋದದ್ದು ಕನ್ನಡದಲ್ಲಿ.

ಇರುವಿಕೆಯ ಮಾತನ್ನೂ ನೋಡಬೇಕು. ಧಾರವಾಡದಲ್ಲಿ 'ಐತಿ' ಅಂದರೆ ಕಲಬುರಗಿಯಲ್ಲಿ 'ಅದ', ಬಹುವಚನಕ್ಕೆ 'ಅವ'. ಗಂಡಸಿಗೆ 'ಅದಾನ', ಕೆಲವರ ಬಾಯಲ್ಲಿ 'ಹಾನ'. ಹೆಂಗಸಿಗೆ 'ಅದಾಳ', 'ಹಾಳ'. 'ಆರಾಮ ಅದೀರಿ?' ಎಂಬುದು ಇಲ್ಲಿನ ಕುಶಲಪ್ರಶ್ನೆ. ಈ 'ಅದ' ಉತ್ತರದವರದೇ ಸ್ವತ್ತೂ ಅಲ್ಲ; ಮಂಡ್ಯದ ಹಳ್ಳಿಯಲ್ಲಿ 'ಅದೆ', 'ಅವೆ' ಅನ್ನುತ್ತಾರೆ. ನಾಡಿನ ಎರಡು ತುದಿಯವರು ಒಂದೇ ರೂಪ ಇಟ್ಟುಕೊಂಡಿದ್ದಾರೆ, ನಡುವಿನವರು ಬೇರೆ ಹಿಡಿದಿದ್ದಾರೆ.

ಇದರಿಂದ ಕಚೇರಿಗಳಲ್ಲಿ ಗೊಂದಲವೂ ಆಗುತ್ತದೆ. 'ಸಾಹೇಬ್ರು ಬಂದಾರ' ಎಂದು ಕಲಬುರಗಿಯ ಜವಾನ ಹೇಳಿದರೆ ಸಾಹೇಬರು ಬಂದು ಕುರ್ಚಿಯಲ್ಲಿ ಕೂತಾಗಿದೆ ಎಂದೇ ಅರ್ಥ. 'ಬಂದು ಅದಾರ' ಎಂಬ ಎರಡು ಮಾತು ಒಂದಾದ ಹಾಗೆ ಕಾಣುತ್ತದೆ. ದಕ್ಷಿಣದಿಂದ ವರ್ಗವಾಗಿ ಬಂದ ಗುಮಾಸ್ತನ ಕಿವಿಗೆ ಅದು 'ಬಂದಾರು' ಎಂದು ಬೀಳುತ್ತದೆ. ಬಂದರೂ ಬಂದಾರು, ಬಾರದಿದ್ದರೂ ಬಾರದಿದ್ದಾರು! ಒಂದು ಸ್ವರದ ಅಂತರದಲ್ಲಿ ನಡೆದುಹೋದ ಕೆಲಸ ಊಹೆಗೆ ಇಳಿಯುತ್ತದೆ.

ಈಗ ಉರ್ದುವಿನ ಮೇಲಿನ ಆರೋಪಕ್ಕೆ ಬರೋಣ. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಬೀದರಿಗೆ ಹೋಗುವವರೆಗೆ ಎಂಟು ದಶಕದಷ್ಟು ಕಾಲ ಇಲ್ಲಿದ್ದರು. 1400ರ ಸುಮಾರಿಗೆ ಬಂದ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲೇ ತೀರಿಕೊಂಡರು, ಅವರ ದರ್ಗಾದ ಸುತ್ತ ದಖನಿ ಮಾತು ಬೇರೂರಿತು. ಆಮೇಲೆ ಆದಿಲ್‌ಶಾಹಿ, ಮೊಗಲ್, ನಿಜಾಮ. ಆರು ಶತಮಾನ ಕಂದಾಯ, ಕೋರ್ಟು, ಕಾಗದ ಬಹುಪಾಲು ಪಾರಸಿ ಅಥವಾ ಉರ್ದುವಿನಲ್ಲಿ ನಡೆದ ಊರು ಇದು. ಪದಗಳು ರಾಶಿಗಟ್ಟಲೆ ಬಂದವು. ಆದರೆ ಬಂದ ಪದಗಳು ಯಾರ ಕಾನೂನಿಗೆ ಬಗ್ಗಿದವು ಎಂಬುದೇ ಮುಖ್ಯ. ಬದಲಾಯಿಸು, ಚಲಾಯಿಸು, ಜಮಾಯಿಸು, ಸತಾಯಿಸು, ಅಜಮಾಯಿಸು. ಧಾತು ಅತ್ತಣದು, 'ಇಸು' ಕನ್ನಡದ್ದು. 'ಇಸು' ಬಿದ್ದ ಕೂಡಲೇ ಅದು ಕನ್ನಡದ ಕ್ರಿಯಾಪದ. ಎಲ್ಲ ಕಾಲ, ಎಲ್ಲ ಪುರುಷಗಳಲ್ಲಿ ಓಡುತ್ತದೆ. ಉರ್ದು ಬೆರೆತ ಭಾಷೆ ಎಂದು ಮೂಗು ಮುರಿಯುವ ಪತ್ರಿಕೆಗಳೂ ಇವಿಲ್ಲದೆ ಒಂದು ಪುಟ ಮುಗಿಸಲಾರವು.

ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ಬಂದ ಪದಗಳದು ಇನ್ನೊಂದು ಸ್ವಾರಸ್ಯ. ಕನ್ನಡ ಬಹುವಚನಕ್ಕೆ ಪದದ ಬಾಲದಲ್ಲಿ 'ಗಳು' ಕಟ್ಟುತ್ತದೆ. ಅರಬ್ಬಿ ಎಷ್ಟೋ ಕಡೆ ಪದದ ಹೊಟ್ಟೆಯನ್ನೇ ತಿರುವುತ್ತದೆ: 'ಹಾಲ್' ಒಂದು ಸ್ಥಿತಿ, 'ಅಹ್‌ವಾಲ್' ಹಲವು ಸ್ಥಿತಿ, 'ಖಬರ್' ಒಂದು ಸುದ್ದಿ, 'ಅಖ್‌ಬಾರ್' ಹಲವು ಸುದ್ದಿ, ಅದರಿಂದ ಪತ್ರಿಕೆ. ಒಳಗಿನ ಈ ತಿರುವು ಕನ್ನಡದ ಕಿವಿಗೆ ಕೇಳಿಸುವುದೇ ಇಲ್ಲ. ಹಾಗಾಗಿ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಗೆ ರೈತರು ತರುವ 'ಅಹವಾಲು' ಕನ್ನಡದಲ್ಲಿ ಏಕವಚನ; ಹೆಚ್ಚಾದರೆ 'ಅಹವಾಲುಗಳು'. ಬಹುವಚನಕ್ಕೆ ಮತ್ತೊಂದು ಬಹುವಚನದ ಟೊಪ್ಪಿಗೆ. 'ಅಸಾಮಿ'ಯ ಕಥೆಯೂ ಅಷ್ಟೆ. ಮೂಲದಲ್ಲಿ ಅದು ಹೆಸರುಗಳು ಎಂಬ ಬಹುವಚನ, ಕಂದಾಯದ ಪಟ್ಟಿಯಿಂದ ಇಳಿದು ಬಂದು ಇಲ್ಲಿ ಒಬ್ಬನೇ ಮನುಷ್ಯನಾಗಿದೆ.

ವ್ಯಾಕರಣದ ಮೇಲೆ ನೆರೆಹೊರೆಯ ಪ್ರಭಾವ ಬಿದ್ದೇ ಇಲ್ಲ ಎಂದಲ್ಲ. 'ಅವನನ್ನು ಕರಿ' ಎನ್ನುವುದಕ್ಕೆ ಕಲಬುರಗಿಯಲ್ಲಿ 'ಅವನಿಗಿ ಕರಿ' ಅನ್ನುತ್ತಾರೆ. 'ಹುಡುಗನಿಗಿ ಹೊಡಿಬ್ಯಾಡ.' ದ್ವಿತೀಯೆಯ ಜಾಗದಲ್ಲಿ ಚತುರ್ಥಿ ಬಂದು ಕೂತಿದೆ. ದಖನಿಯಲ್ಲಿ 'ಉಸ್ಕು ಬುಲಾ', 'ಉಸ್ಕು ದೇ': ಕರೆಯುವುದಕ್ಕೂ ಕೊಡುವುದಕ್ಕೂ ಒಂದೇ 'ಕು'. ಮರಾಠಿಯಲ್ಲಿ ಎರಡಕ್ಕೂ 'ತ್ಯಾಲಾ'. ಈ ಎರಡು ಭಾಷೆಗಳ ಜೊತೆ ದಿನವೂ ಸಂತೆ ಮಾಡುವ ಬಾಯಿಗೆ ಎರಡು ಪ್ರತ್ಯಯಗಳ ಹೊರೆ ಯಾಕೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಹಾಗಂತ ಎಲ್ಲವೂ ಕಲಸುಮೇಲೋಗರ ಆಗಿಲ್ಲ. 'ಗಿ' ಸಿಗುವುದು ಮುಖ್ಯವಾಗಿ ಮನುಷ್ಯರಿಗೆ. ವಸ್ತುವಿಗೆ ಪ್ರತ್ಯಯವೇ ಬೇಡ: 'ಬಾಳಿಹಣ್ಣು ತಿನ್ನು', 'ಪುಸ್ತಕ ತಗೊ'. ಜೀವ ಇರುವುದು ಬೇರೆ, ಇಲ್ಲದ್ದು ಬೇರೆ ಎಂಬ ಲೆಕ್ಕ ಸ್ಪಷ್ಟವಾಗಿದೆ.

ಗಡಿಯಲ್ಲಿ ಹೀಗೇ ಆಗುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಬರೆದ ಲೇಖನ ಭಾಷಾವಿಜ್ಞಾನದ ತರಗತಿಗಳಲ್ಲಿ ಇಂದಿಗೂ ಓದಿಗೆ ಬರುತ್ತದೆ. ಪದಗಳು ಬೇರೆ ಬೇರೆ, ಆದರೆ ವಾಕ್ಯದ ಎಲುಬುಗೂಡು ಒಂದೇ ಆಗುತ್ತ ಬಂದಿದೆ ಎಂಬುದು ಅವರು ಕಂಡದ್ದು. ಕಮಲಾಪುರದ ಸುತ್ತ ಕನ್ನಡ, ದಖನಿ, ಮರಾಠಿಗಳ ಜೊತೆ ತಾಂಡಾಗಳ ಲಂಬಾಣಿಯೂ ಇದೆ. ಅಲ್ಲಿ ಹುಟ್ಟಿದ ಮಗು ಶಾಲೆಗೆ ಬರುವ ಮೊದಲೇ ಎರಡು ಮೂರು ಬಗೆಯ ಪ್ರತ್ಯಯಗಳನ್ನು ಬಾಯಲ್ಲಿ ಆಡಿಸಿರುತ್ತದೆ.

ಗೌರವದ ಮಾತು ಇಲ್ಲಿ ಹಿಡಿದ ದಾರಿಯೂ ವಿಶೇಷ. ಹಳಗನ್ನಡದಲ್ಲಿ ಹಲವರನ್ನು ಕರೆಯಲು 'ಬನ್ನಿಂ'. ಮೈಸೂರಿನ 'ಬನ್ನಿ' ಅದರ ನೇರ ಮೊಮ್ಮಗ. ಉತ್ತರದವರು ಅದನ್ನು ಬಿಟ್ಟು, 'ಬಂದಿರಿ' ಎಂಬಲ್ಲಿನ 'ರಿ'ಯನ್ನು ಕಿತ್ತು ಧಾತುವಿಗೇ ಅಂಟಿಸಿ 'ಬರ್ರಿ', 'ಕೂಡ್ರಿ', 'ಉಣ್ರಿ' ಮಾಡಿಕೊಂಡರು. 'ರಿ' ಅಲ್ಲಿಗೂ ನಿಲ್ಲಲಿಲ್ಲ. ಕ್ರಿಯಾಪದದ ಅಂಗಳ ದಾಟಿ ಎಲ್ಲೆಂದರಲ್ಲಿ ಹತ್ತಿತು: ಹೌದ್ರಿ, ಇಲ್ರಿ, ಯಾಕ್ರಿ, ಎಷ್ಟ್ರಿ. ನೀವು ಎಂಬ ಪುರುಷ ಸೂಚಿಸುತ್ತಿದ್ದ ಬಾಲವೊಂದು ಈಗ ಯಾವ ಪದದ ಹಿಂದಾದರೂ ನಿಂತು ಮರ್ಯಾದೆ ಹೇಳುತ್ತದೆ. ಪ್ರತ್ಯಯ ಹೀಗೆ ಕಟ್ಟು ಬಿಚ್ಚಿಕೊಂಡು ತಿರುಗಾಡುವುದು ಅಪರೂಪ. ಪದ ಸವೆದು ಪ್ರತ್ಯಯವಾಗುವುದೇ ಲೋಕದ ರೂಢಿ, 'ರಿ' ಎದುರು ದಿಕ್ಕಿಗೆ ನಡೆದಿದೆ.

ನಿಷೇಧದಲ್ಲಿ ಮಾತ್ರ ಕಲಬುರಗಿ ಹಳೆಯ ಚಿನ್ನವನ್ನೇ ಇಟ್ಟುಕೊಂಡಿದೆ. ಹಳಗನ್ನಡದಲ್ಲಿ 'ಇಲ್ಲ' ಎನ್ನುವುದಕ್ಕೆ ಬೇರೆ ಪದವೇ ಬೇಕಿರಲಿಲ್ಲ. ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಸೇರಿಸಿದರೆ ಸಾಕು. 'ನೋಡಂ' ಎಂದರೆ ನೋಡುವುದಿಲ್ಲ. ಕಾಲದ ಪ್ರತ್ಯಯ ಇಲ್ಲದಿರುವುದೇ ನಿಷೇಧ! ಇಂದಿನ ಬರವಣಿಗೆಯಲ್ಲಿ ಈ ರೂಪ 'ಅರಿಯೆ', 'ಬಾರದು' ಎಂಬಂಥ ನಾಲ್ಕಾರು ಪದಗಳಿಗೆ ಕುಗ್ಗಿದೆ. ಉತ್ತರ ಕರ್ನಾಟಕದಲ್ಲಿ 'ಒಲ್ಲೆ' ಗಟ್ಟಿಯಾಗಿ ಬದುಕಿದೆ. ನಾ ಒಲ್ಲೆ, ಅವ ಒಲ್ಲ, ಆಕಿ ಒಲ್ಲಳು. ಅದು ಇನ್ನೊಂದು ಧಾತುವಿಗೆ ಆತುಕೊಂಡು 'ಬರವಲ್ಲ', 'ಬರವಲ್ದು' ಆಗಿದೆ. 'ಮಳಿ ಬರವಲ್ದು' ಎಂದು ತೊಗರಿ ಬಿತ್ತಿದ ರೈತ ಹೇಳುತ್ತಾನೆ. ಬಿಡಿಸಿದರೆ, ಮಳೆ ಬರಲು ಒಲ್ಲದು. ಬಸ್ಸು ಬರವಲ್ದು, ನಿದ್ದಿ ಬರವಲ್ದು. ಮಳೆಗೆ, ಬಸ್ಸಿಗೆ, ನಿದ್ದೆಗೆ ಮನಸ್ಸಿದೆ ಎಂದು ಯಾರೂ ನಂಬಿಲ್ಲ. 'ಒಲ್ಲು'ವಿನೊಳಗಿನ ಮನಸ್ಸು ಸವೆದುಹೋಗಿ ಬರಿಯ ನಿಷೇಧ ಉಳಿದಿದೆ.

ನಿಜಾಮರ ಕಾಲದಲ್ಲಿ ಆಡಳಿತ ಉರ್ದುವಿನಲ್ಲಿ, ಮೇಲಿನ ಓದು ಉರ್ದುವಿನಲ್ಲಿ. ಕನ್ನಡ ಮನೆಯ ಮಾತಾಗಿ, ಹೊಲದ ಮಾತಾಗಿ ಉಳಿಯಿತು. ಶಾಲೆಯ ಕೋಲು ಅದರ ಮೇಲೆ ಹೆಚ್ಚು ಬೀಳಲಿಲ್ಲ. ರೂಪಗಳು ತಮ್ಮ ಪಾಡಿಗೆ ತಾವು ಬದಲಾಗುತ್ತ ಹೋಗಲು ಇದೂ ಒಂದು ಕಾರಣ ಇರಬೇಕು. 1928ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿದ್ದವರು ಬಿ.ಎಂ. ಶ್ರೀಕಂಠಯ್ಯ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ಕಲಬುರಗಿ ವಿಶಾಲ ಮೈಸೂರಿನೊಳಗೆ ಬಂತು. ಅದರ ಬೆನ್ನಿಗೇ ಬಂದದ್ದು ಮೈಸೂರಿನ ಪಠ್ಯಪುಸ್ತಕ. 'ಮಾಡ್ಲತ್ತಾನ' ಅಂದ ಹುಡುಗನಿಗೆ 'ಮಾಡುತ್ತಿದ್ದಾನೆ ಅನ್ನು' ಎಂದು ತಿದ್ದುವ ಕಾಲ ಶುರುವಾಯಿತು. ಎರಡಕ್ಕೂ ಅರ್ಥ ಒಂದೇ, ಎರಡೂ ಅಂಟಿದ ಪದಗಳೇ. ಒಂದು ಅಚ್ಚಾಗಿದೆ, ಇನ್ನೊಂದು ಆಗಿಲ್ಲ.

ಭಾಷಾವಿಜ್ಞಾನಿಗಳು ಮಾತ್ರ ಬೇಗ ಬಂದರು. ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಉಪಭಾಷೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡಗಳ ಸಾಲಿನಲ್ಲೇ 1968ರಲ್ಲಿ ಆರ್. ಮಹದೇವನ್ ಅವರ 'ಗುಲ್ಬರ್ಗಾ ಕನ್ನಡ'ವನ್ನು ಪ್ರಕಟಿಸಿತು. ಮೂಗು ಮುರಿಯುವವರ ಕೈಗೆ ಆ ಪುಸ್ತಕ ಸಿಕ್ಕಿದ್ದು ಕಡಿಮೆ. ಸಾಹಿತ್ಯದಲ್ಲಿ ಈ ಮಾತಿಗೆ ದೊಡ್ಡ ಗೌರವ ತಂದವರು ಕಲಬುರಗಿ ಜಿಲ್ಲೆಯ ಗೀತಾ ನಾಗಭೂಷಣ. ಈ ಸೀಮೆಯ ಆಡುಮಾತಿನಲ್ಲಿ ಅವರು ಬರೆದ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಆಡುವವರ ಪ್ರತ್ಯಯಗಳನ್ನು ತಿದ್ದದೆ ಅಚ್ಚಿಗೆ ಕೊಟ್ಟದ್ದಕ್ಕೇ ಆ ಕಾದಂಬರಿಯ ಹೆಂಗಸರು ಪುಟದಿಂದ ಎದ್ದು ಬಂದು ಜಗಳ ಆಡುತ್ತಾರೆ.

2014ರ ನವೆಂಬರ್ 1ರಂದು ಸರ್ಕಾರ ಗುಲ್ಬರ್ಗಾವನ್ನು ಅಧಿಕೃತವಾಗಿ ಕಲಬುರಗಿ ಮಾಡಿತು. ಫಲಕಗಳು ಬದಲಾದವು, ರೈಲು ನಿಲ್ದಾಣದ ಹೆಸರು ಬದಲಾಯಿತು. ಪ್ರತ್ಯಯವೂ ಬದಲಾದದ್ದನ್ನು ಯಾರೂ ಗಮನಿಸಲಿಲ್ಲ. ಗುಲ್ಬರ್ಗಾ 'ಆ'ಕಾರದಲ್ಲಿ ಮುಗಿಯುವ ಹೆಸರು: ಗುಲ್ಬರ್ಗಾಕ್ಕ, ಗುಲ್ಬರ್ಗಾದಾಗ. ಕಲಬುರಗಿ 'ಇ'ಕಾರದ್ದು: ಕಲಬುರಗಿಗಿ, ಕಲಬುರಗ್ಯಾಗ. ಹಳ್ಳಿಯವರು ಮೊದಲಿನಿಂದಲೂ ಎರಡನೆಯದನ್ನೇ ಆಡುತ್ತಿದ್ದರಿಂದ ಅವರಿಗೆ ಹೊಸದಾಗಿ ಕಲಿಯುವಂಥದ್ದೇನೂ ಇರಲಿಲ್ಲ. ಕೆಂಪು ಬಾಳೆಯ ಹೆಸರೂ ಹಾಗೇ. ಹಳೆಯ ಸಮಾಸದ ದಾರಿಯಲ್ಲಿ ಹೋಗಿದ್ದರೆ ಕೆಂದಾವರೆಯ ಹಾಗೆ ಅದು 'ಕೆಂಬಾಳೆ' ಆಗಬೇಕಿತ್ತು. ಕಮಲಾಪುರದ ತೋಟದವರು ಆ ಉಸಾಬರಿಗೆ ಹೋಗದೆ ಬಿಡಿಸಿ ಕರೆದರು. ಭೌಗೋಳಿಕ ಸೂಚಕದ ಪಟ್ಟಿಯಲ್ಲೂ ಅದು ಬಿಡಿಯಾಗಿಯೇ ಸೇರಿದೆ.

2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಕಮಲಾಪುರಕ್ಕೂ ರೈಲು ಬಂತು. ಆ ರೈಲಿನಲ್ಲಿ ಬೀದರಿನ ಹುಡುಗರು ಮೊಬೈಲಿನಲ್ಲಿ ಮಾತಾಡುವುದನ್ನು ಕೇಳಿದರೆ 'ಮಾಡ್ಲತ್ತೀನಿ'ಯ ಒತ್ತಕ್ಷರವೂ ಹೋಗಿ 'ಮಾಡ್ಲತೀನಿ' ಆಗಿದೆ. 'ಮಾಡಲಿಕ್ಕೆ ಹತ್ತಿದ್ದೇನೆ' ಎಂಬಲ್ಲಿನ ಹತ್ತು, ಹಳಗನ್ನಡದಲ್ಲಿ ಪತ್ತು ಆಗಿದ್ದದ್ದು, ಈಗ ಒಂದು 'ತ'ಕಾರ. ವಾಟ್ಸ್ಆ್ಯಪಿನಲ್ಲಿ ಅದನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಇನ್ನೂ ಒಂದು ಕಟ್ಟಳೆ ಆಗಿಲ್ಲ. ಕೆಲವರು ಒತ್ತು ಕೊಡುತ್ತಾರೆ, ಕೆಲವರು ಬಿಡುತ್ತಾರೆ, ಕೆಲವರು 'ಲ'ಕಾರಕ್ಕೆ ದೀರ್ಘ ಎಳೆಯುತ್ತಾರೆ.